ಬಾಯಿಯೊಳಗಿಂದ ಥೈರಾಯ್ಡ್ ಆಪರೇಷನ್: ಕಲೆ ಕಾಣುವುದಿಲ್ಲ, ಆದರೆ ಆಪರೇಷನ್ ಸಣ್ಣದಲ್ಲ

ಪ್ರಶ್ನೆ: ನನ್ನ ತಂಗಿಗೆ 34 ವರ್ಷ, ಶಾಲೆಯಲ್ಲಿ ಟೀಚರ್. ಕುತ್ತಿಗೆಯ ಬಲಭಾಗದಲ್ಲಿ ಥೈರಾಯ್ಡ್ ಗಂಟು ಇದೆ. ಸ್ಕ್ಯಾನಿಂಗ್‌ನಲ್ಲಿ 3.2 ಸೆಂ.ಮೀ. ಅಂತ ಬಂದಿದೆ. ಸೂಜಿ ಪರೀಕ್ಷೆಯ ರಿಪೋರ್ಟಿನಲ್ಲಿ ಬೆಥೆಸ್ಡಾ 4 ಅಂತ ಬರೆದಿದ್ದಾರೆ. ಒಬ್ಬ ಡಾಕ್ಟರ್ ಕುತ್ತಿಗೆ ಕೊಯ್ದು ತೆಗೆಯಬೇಕು ಅಂದರು. ಇನ್ನೊಬ್ಬರು ಬಾಯಿಯೊಳಗಿಂದಲೇ ತೆಗೆಯಬಹುದು, ಸಣ್ಣ ಆಪರೇಷನ್, ಕಲೆಯೇ ಇರಲ್ಲ ಅಂದರು. ಅವಳಿಗೆ ಬಾಯಿಯದ್ದೇ ಆಗಲಿ ಅಂತ ಆಸೆ. ನನಗೆ ಭಯ. ಧ್ವನಿ ಹೋಗಿಬಿಟ್ಟರೆ? ಬಾಯಿಯಲ್ಲಿರುವ ಕ್ರಿಮಿ ಕುತ್ತಿಗೆಗೆ ಇಳಿಯಲ್ವಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಬಾಯಿಯೊಳಗಿಂದ ಥೈರಾಯ್ಡ್ ತೆಗೆಯುವುದು ನಿಜವಾದ, ಚೆನ್ನಾಗಿ ಬೆಳೆದು ನಿಂತಿರುವ ವಿಧಾನ. ಸರಿಯಾದ ರೋಗಿಗೆ, ಪಳಗಿದ ಕೈಯಲ್ಲಿ ಅದು ಸುರಕ್ಷಿತ. ಕಲೆ ಇರಲ್ಲ ಅನ್ನುವುದೂ ನಿಜ. ಸಣ್ಣ ಆಪರೇಷನ್ ಅನ್ನುವುದು ಮಾತ್ರ ನಿಜವಲ್ಲ. ಈ ಒಂದು ಮಾತಿನಿಂದಲೇ ಎಷ್ಟೋ ಮನೆಗಳಲ್ಲಿ ತಪ್ಪು ನಿರೀಕ್ಷೆ ಹುಟ್ಟುತ್ತದೆ, ಆಮೇಲೆ ಗದ್ದದ ಕೆಳಗೆ ಊತ ನೋಡಿ ಗಾಬರಿಯಾಗುತ್ತಾರೆ. ಕುತ್ತಿಗೆಯ ಮೇಲೆ ಕೊಯ್ದರೆ ಗ್ರಂಥಿ ಎರಡು ಬೆರಳಿನ ದೂರದಲ್ಲಿ ಸಿಗುತ್ತದೆ. ಬಾಯಿಯಿಂದ ಹೋದರೆ ಕೆಳತುಟಿಯ ಒಳಗಿಂದ ಹೊರಟು, ಗದ್ದದ ಮೂಳೆ ದಾಟಿ, ಕುತ್ತಿಗೆಯ ಚರ್ಮದ ಅಡಿಯಲ್ಲಿ ದಾರಿ ಮಾಡಿಕೊಂಡು ಕೆಳಗಿಳಿಯಬೇಕು. ಅಂದರೆ ಒಳಗೆ ಬಿಡಿಸುವ ಜಾಗ ಜಾಸ್ತಿ. ಗಾಯ ಚಿಕ್ಕದಾಗುವುದಿಲ್ಲ, ಕಣ್ಣಿಗೆ ಬೀಳದ ಕಡೆಗೆ ಹೋಗುತ್ತದೆ ಅಷ್ಟೆ.

ಆದರೆ ಅದಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಇದೆ. ಈ ಗಂಟು ತೆಗೆಯಲೇಬೇಕಾ? ನನ್ನ ಹತ್ತಿರ ಬರುವವರಲ್ಲಿ ಎಷ್ಟೋ ಜನ ಯಾವ ದಾರಿಯಲ್ಲಿ ತೆಗೆಯುವುದು ಅಂತ ಚರ್ಚೆ ಮಾಡಿಕೊಂಡೇ ಬರುತ್ತಾರೆ, ಆಪರೇಷನ್ ಬೇಕೋ ಬೇಡವೋ ಅಂತ ಯಾರೂ ಕೂತು ವಿವರಿಸಿರುವುದಿಲ್ಲ. ಥೈರಾಯ್ಡ್ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಬೆಥೆಸ್ಡಾ ಅಂದರೆ ಸೂಜಿ ಪರೀಕ್ಷೆಯ ಫಲಿತಾಂಶಕ್ಕೆ 1ರಿಂದ 6ರವರೆಗೆ ಕೊಡುವ ದರ್ಜೆ. ಅದು 2, ಅಂದರೆ ಕ್ಯಾನ್ಸರ್ ಅಲ್ಲ ಅಂತ ಬಂದು, ನುಂಗಲು ಉಸಿರಾಡಲು ತೊಂದರೆ ಇಲ್ಲದಿದ್ದರೆ, ಆಗಾಗ ಸ್ಕ್ಯಾನ್ ಮಾಡಿಸಿಕೊಂಡು ನೋಡುತ್ತಿದ್ದರೆ ಸಾಕು. ಅಂಥ ಗಂಟನ್ನು ಬಾಯಿಯಿಂದ ಸುಲಭವಾಗಿ ತೆಗೆಯಬಹುದಲ್ಲ ಅಂತ ಸುಮ್ನೆ ತೆಗೆಸಿಕೊಳ್ಳುವುದು ತಪ್ಪು. ಕಲೆ ಬೀಳಲ್ಲ ಅನ್ನುವುದು ಆಪರೇಷನ್ ಮಾಡಿಸಲು ಕಾರಣವಾಗಬಾರದು.

ನಿಮ್ಮ ತಂಗಿಯದು ಬೆಥೆಸ್ಡಾ 4. ಇದು ನಡುವಿನ ಜಾಗ. ಇಂಥ ಗಂಟುಗಳಲ್ಲಿ ನೂರಕ್ಕೆ 25ರಿಂದ 30 ಕೊನೆಗೆ ಕ್ಯಾನ್ಸರ್ ಅಂತ ತಿಳಿಯುತ್ತದೆ, ಉಳಿದವು ಅಲ್ಲ. ಸೂಜಿಯಲ್ಲಿ ಬರುವುದು ಬಿಡಿಬಿಡಿ ಜೀವಕೋಶಗಳು. ಈ ಜಾತಿಯ ಗಂಟಿನಲ್ಲಿ ಜೀವಕೋಶದ ಮುಖ ನೋಡಿದರೆ ತಿಳಿಯುವುದಿಲ್ಲ, ಗಂಟಿನ ಸುತ್ತ ಇರುವ ತೆಳು ಪೊರೆಯನ್ನು ಅದು ಒಡೆದುಕೊಂಡು ಹೊರಗೆ ಬಂದಿದೆಯಾ ಅಂತ ನೋಡಬೇಕು. ಆದ್ದರಿಂದ ಆ ಬದಿಯ ಅರ್ಧ ಗ್ರಂಥಿಯನ್ನು ತೆಗೆದು, ಪೂರ್ತಿ ಪರೀಕ್ಷೆ ಮಾಡಿ ನಿರ್ಧರಿಸುವುದು ಸಾಮಾನ್ಯವಾಗಿ ಹಿಡಿಯುವ ದಾರಿ. ಕೆಲವು ಕಡೆ ಮೊದಲು ಜೀನ್ ಪರೀಕ್ಷೆ ಮಾಡಿ ನೋಡುತ್ತಾರೆ. ಇಬ್ಬರು ಡಾಕ್ಟರೂ ತೆಗೆಯಬೇಕು ಅಂದಿದ್ದಾರೆ ಅಂದಮೇಲೆ ಅದರಲ್ಲಿ ನನಗೆ ತಕರಾರಿಲ್ಲ. ಪೂರ್ತಿ ಗ್ರಂಥಿ ತೆಗೆಯುತ್ತಾರಾ, ಅರ್ಧ ಮಾತ್ರವಾ ಅಂತ ಕೇಳಿ ಖಚಿತ ಮಾಡಿಕೊಳ್ಳಿ. ಇದು ಬಾಯಿಯೋ ಕುತ್ತಿಗೆಯೋ ಅನ್ನುವುದಕ್ಕಿಂತ ದೊಡ್ಡ ವಿಷಯ. ಪೂರ್ತಿ ತೆಗೆದರೆ ಜೀವನವಿಡೀ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಕ್ಸಿನ್, ಅಂದರೆ ಥೈರಾಯ್ಡ್ ಹಾರ್ಮೋನಿನ ಮಾತ್ರೆ ನುಂಗಬೇಕು. ಅರ್ಧ ಉಳಿದರೆ ಎಷ್ಟೋ ಜನರಿಗೆ ಮಾತ್ರೆಯೇ ಬೇಕಾಗುವುದಿಲ್ಲ.

ಈಗ ಬಾಯಿಯ ದಾರಿಗೆ ಬರುತ್ತೇನೆ. ಕುತ್ತಿಗೆಯ ಮುಂದೆ ಅಡ್ಡಕ್ಕೆ ಕೊಯ್ದು ಥೈರಾಯ್ಡ್ ತೆಗೆಯುವ ವಿಧಾನ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿದ್ದ ಸರ್ಜನ್ ಥಿಯೋಡೋರ್ ಕೋಚರ್ ಕಾಲದಿಂದ ಬಂದದ್ದು. ಅದಕ್ಕೂ ಮೊದಲು ಈ ಆಪರೇಷನ್ ಅಂದರೆ ರಕ್ತಸ್ರಾವದಿಂದ ಜೀವ ಹೋಗುವ ಭಯ. ಅವರು ಒಂದೊಂದು ರಕ್ತನಾಳವನ್ನೂ ತಾಳ್ಮೆಯಿಂದ ಕಟ್ಟುತ್ತಾ, ಸಾವಿನ ಪ್ರಮಾಣವನ್ನು ಶೇ 1ಕ್ಕಿಂತ ಕೆಳಗೆ ತಂದರು. ಥೈರಾಯ್ಡ್ ಕೆಲಸಕ್ಕಾಗಿಯೇ 1909ರಲ್ಲಿ ನೊಬೆಲ್ ಬಂತು. ನಿಮ್ಮ ಮೊದಲ ಡಾಕ್ಟರ್ ಹೇಳಿದ್ದು ಇದೇ ದಾರಿ. ಹಳೆಯದು ಅಂತ ಅದನ್ನು ಕೀಳಾಗಿ ನೋಡಬೇಡಿ. ಕುತ್ತಿಗೆಯ ಸಹಜ ಗೆರೆಯಲ್ಲೇ ಕೊಯ್ದು ಒಳ್ಳೆ ಹೊಲಿಗೆ ಹಾಕಿದರೆ, ವರ್ಷ ಕಳೆಯುವಷ್ಟರಲ್ಲಿ ಬಹಳ ಜನರಲ್ಲಿ ಅದು ಹುಡುಕಿ ನೋಡಬೇಕಾದಷ್ಟು ಮಾಸಿರುತ್ತದೆ.

ಎಲ್ಲರಲ್ಲೂ ಮಾಸುವುದಿಲ್ಲ, ನಿಜ. ಕೆಲವರ ಚರ್ಮದಲ್ಲಿ ಗಾಯ ಆರಿದ ಜಾಗ ದಪ್ಪಗೆ ಉಬ್ಬಿಕೊಳ್ಳುತ್ತದೆ, ತುರಿಸುತ್ತದೆ, ಕೀಲಾಯ್ಡ್ ಅಂತೀವಿ. ಕಿವಿ ಚುಚ್ಚಿಸಿದ ಕಡೆ ಗಂಟು ಬಂದವರಿಗೆ, ಹಳೆಯ ಹೊಲಿಗೆ ಉಬ್ಬಿಕೊಂಡವರಿಗೆ ಕುತ್ತಿಗೆಯಲ್ಲೂ ಹಾಗಾಗುವ ಸಾಧ್ಯತೆ ಜಾಸ್ತಿ. ಅಂಥವರಿಗೆ ಬಾಯಿಯ ದಾರಿ ಬರೀ ಅಂದದ ವಿಷಯ ಅಲ್ಲ. ಅಂದದ ವಿಷಯವಾದರೂ ತಪ್ಪೇನಿಲ್ಲ. ಕನ್ನಡಿ ನೋಡಿದಾಗಲೆಲ್ಲ ಕಾಯಿಲೆ ನೆನಪಾಗಬಾರದು ಅಂತ ಒಬ್ಬ ಹೆಣ್ಣುಮಗಳು ಹೇಳಿದರೆ, ಅದನ್ನು ಶೋಕಿ ಅಂತ ತಳ್ಳಿಹಾಕುವುದು ನನಗೆ ಹಿಡಿಸುವುದಿಲ್ಲ.

ಕಲೆ ಮರೆಮಾಡಲು ಕಂಕುಳಿಂದ, ಎದೆಯಿಂದ, ಕಿವಿಯ ಹಿಂದಿನಿಂದ ಹೋಗುವ ದಾರಿಗಳೂ ಇವೆ. ಬಾಯಿಯಿಂದ ಹೋಗುವ ಮೊದಲ ಪ್ರಯತ್ನಗಳು ಜರ್ಮನಿಯಲ್ಲಿ ನಡೆದವು, ಆಗ ನಾಲಿಗೆಯ ಕೆಳಗಿನಿಂದ ಇಳಿಯುತ್ತಿದ್ದರು. ಅಲ್ಲಿ ಜಾಗ ಇಕ್ಕಟ್ಟು, ತೊಂದರೆಗಳು ಜಾಸ್ತಿ ಬಂದವು. ಆಮೇಲೆ ಕೆಳತುಟಿ ಮತ್ತು ಒಸಡಿನ ನಡುವಿನ ಸಂದಿಯಿಂದ ಹೋಗುವ ಉಪಾಯ ಹುಟ್ಟಿತು. ಬ್ಯಾಂಕಾಕ್‌ನ ಪೊಲೀಸ್ ಜನರಲ್ ಆಸ್ಪತ್ರೆಯ ಡಾ. ಅಂಗೂನ್ ಅನುವೊಂಗ್ 2016ರಲ್ಲಿ ತಮ್ಮ ಮೊದಲ 60 ರೋಗಿಗಳ ಅನುಭವ ಪ್ರಕಟಿಸಿದ ಮೇಲೆ ಈ ವಿಧಾನ ಹಲವು ದೇಶಗಳಿಗೆ ಹರಡಿತು. 2018ರಲ್ಲಿ ಅವರ ತಂಡ 425 ರೋಗಿಗಳ ಲೆಕ್ಕ ಕೊಟ್ಟಿತು. ಅದರಲ್ಲಿ 3 ಜನರಿಗೆ ಮಾತ್ರ ನಡುವೆ ಕುತ್ತಿಗೆ ತೆರೆಯಬೇಕಾಯಿತು. ಸಮಯ ಮಾತ್ರ ಜಾಸ್ತಿ ಹಿಡಿದಿತ್ತು, ಕುತ್ತಿಗೆಯ ಆಪರೇಷನ್‌ಗೆ ಸರಾಸರಿ 80 ನಿಮಿಷದ ಹತ್ತಿರ ಆದರೆ ಇದಕ್ಕೆ 100ರ ಹತ್ತಿರ. ಅದು ನೂರಾರು ಮಾಡಿದ ಕೈಯ ಲೆಕ್ಕ ಅನ್ನುವುದು ನೆನಪಿರಲಿ.

ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ, ಆಗ ನಿಮ್ಮ ಅರ್ಧ ಭಯಕ್ಕೆ ಉತ್ತರ ಸಿಗುತ್ತದೆ. ಪೂರ್ತಿ ಅರಿವಳಿಕೆ ಕೊಟ್ಟು, ಉಸಿರಿನ ಕೊಳವೆಯನ್ನು ಸಾಮಾನ್ಯವಾಗಿ ಮೂಗಿನಿಂದ ಹಾಕುತ್ತಾರೆ, ಬಾಯಿ ನಮಗೆ ಬಿಡುವಾಗಿ ಸಿಗಲಿ ಅಂತ. ಬಾಯಿಯನ್ನು ಕ್ರಿಮಿನಾಶಕ ದ್ರವದಿಂದ ಚೆನ್ನಾಗಿ ತೊಳೆಯುತ್ತಾರೆ. ಕೆಳತುಟಿಯನ್ನು ಹೊರಗೆ ಮಗುಚಿ ಹಿಡಿದು, ನಡುವೆ 10 ಮಿ.ಮೀ. ಕ್ಯಾಮೆರಾ ಹೋಗುವಷ್ಟು ಒಂದು ಕೊಯ್ತ, ಎರಡೂ ಪಕ್ಕ 5 ಮಿ.ಮೀ. ಉಪಕರಣ ಹೋಗುವಷ್ಟು ಒಂದೊಂದು. ಗದ್ದದ ಕೆಳಗೆ, ಕುತ್ತಿಗೆಯ ಚರ್ಮದಡಿ ಅಡ್ರಿನಲಿನ್ ಬೆರೆಸಿದ ಸಲೈನ್ ತುಂಬುತ್ತಾರೆ. ಆಗ ಪದರಗಳು ಬೇರೆಯಾಗುತ್ತವೆ, ರಕ್ತವೂ ಕಡಿಮೆ. ಆಮೇಲೆ ಕಾರ್ಬನ್ ಡೈಆಕ್ಸೈಡ್ ಗಾಳಿ ತುಂಬಿ ಕೆಲಸ ಮಾಡಲು ಜಾಗ ಮಾಡಿಕೊಳ್ಳುತ್ತಾರೆ. ಹೊಟ್ಟೆಯ ಲ್ಯಾಪ್ರೋಸ್ಕೋಪಿಯಲ್ಲಿ ಗಾಳಿಯ ಒತ್ತಡ 12ರ ಆಸುಪಾಸು ಇರುತ್ತದೆ, ಇಲ್ಲಿ 6 ಮಿ.ಮೀ. ಪಾದರಸದ ಹತ್ತಿರ ಮಾತ್ರ. ಕುತ್ತಿಗೆಯಲ್ಲಿ ಅದಕ್ಕಿಂತ ಜಾಸ್ತಿ ಒತ್ತಡ ಅಪಾಯ. ಗಾಳಿ ರಕ್ತನಾಳಕ್ಕೆ ನುಗ್ಗುವುದು ಬಹಳ ಅಪರೂಪ, ಆದರೆ ಹಾಗೇನಾದರೂ ಆದರೆ ಜೀವಕ್ಕೇ ಕುತ್ತು. ಅರಿವಳಿಕೆ ತಜ್ಞರೂ ಈ ಆಪರೇಷನ್ ಬಲ್ಲವರೇ ಇರಬೇಕು ಅನ್ನುವುದು ಇದಕ್ಕೇ.

ಆಮೇಲೆ ಕುತ್ತಿಗೆಯ ಮುಂದಿನ ಪಟ್ಟಿಯಂಥ ಸ್ನಾಯುಗಳನ್ನು ನಡುಗೆರೆಯಲ್ಲಿ ಬಿಡಿಸಿದರೆ ಗ್ರಂಥಿ ಕಾಣುತ್ತದೆ. ಉಳಿದ ಕೆಲಸವೆಲ್ಲ ಕುತ್ತಿಗೆಯ ಆಪರೇಷನ್‌ನದ್ದೇ. ಅದೇ ರಕ್ತನಾಳಗಳು, ಅದೇ ನರ, ರಕ್ತದ ಕ್ಯಾಲ್ಸಿಯಂ ನೋಡಿಕೊಳ್ಳುವ ಅದೇ ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು. ಬೇರೆಯಾಗುವುದು ನೋಡುವ ದಿಕ್ಕು. ಮೇಲಿನಿಂದ ಕೆಳಕ್ಕೆ ನೋಡುತ್ತೇವೆ.

ಇಲ್ಲೇ ಧ್ವನಿಯ ಪ್ರಶ್ನೆ ಬರುವುದು. ಗಂಟಲಿನ ಎರಡೂ ಬದಿಗೆ ಒಂದೊಂದು ನರ ಶ್ವಾಸನಾಳದ ಪಕ್ಕದಲ್ಲಿ ಮೇಲಕ್ಕೆ ಏರಿ ಧ್ವನಿಪೆಟ್ಟಿಗೆಯೊಳಗೆ ಹೋಗುತ್ತದೆ. ಗ್ರಂಥಿಗೆ ಅಂಟಿಕೊಂಡಂತೆಯೇ ಇರುತ್ತದೆ, ಬಿಳಿ ದಾರದಷ್ಟು ತೆಳು. ಕ್ಯಾಮೆರಾದಲ್ಲಿ ಅದು ದೊಡ್ಡದಾಗಿ ಕಾಣುತ್ತದೆ, ಅದರ ಮೇಲೆ ಓಡುವ ಕೂದಲೆಳೆಯಂಥ ರಕ್ತನಾಳವೂ ಕಾಣುತ್ತದೆ. ಬಾಯಿಯ ದಾರಿಯಲ್ಲಿ ಅದು ಧ್ವನಿಪೆಟ್ಟಿಗೆಗೆ ಹೋಗುವ ಜಾಗದಲ್ಲೇ ಮೊದಲು ಸಿಗುತ್ತದೆ, ಅಲ್ಲಿಂದ ಕೆಳಕ್ಕೆ ಹುಡುಕಿಕೊಂಡು ಹೋಗುತ್ತೇವೆ. ನರ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ಸದ್ದು ಮಾಡಿ ತಿಳಿಸುವ ಮಾನಿಟರ್ ಇರುತ್ತದೆ. ಅದು ಇಲ್ಲದ ಕಡೆ ನಾನಾದರೆ ಈ ಆಪರೇಷನ್ ಮಾಡಿಸುವುದಿಲ್ಲ. ನುರಿತವರಲ್ಲಿ ಯಾವ ದಾರಿಯಲ್ಲೇ ಆಗಲಿ, ನರಕ್ಕೆ ಶಾಶ್ವತ ಪೆಟ್ಟು ನೂರಕ್ಕೆ ಒಂದರ ಆಸುಪಾಸು. ಕೆಲವು ವಾರ, ತಿಂಗಳಲ್ಲಿ ಸರಿಹೋಗುವ ತಾತ್ಕಾಲಿಕ ಒಡಕು ಧ್ವನಿ ಅದಕ್ಕಿಂತ ಜಾಸ್ತಿ ಜನರಿಗೆ ಆಗುತ್ತದೆ.

ಟೀಚರ್ ಆದ್ದರಿಂದ ಇನ್ನೊಂದು ಮಾತು. ಇನ್ನೊಂದು ಸಣ್ಣ ನರ ಗ್ರಂಥಿಯ ಮೇಲ್ತುದಿಯ ಹತ್ತಿರ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಮಾತು ಮಾಮೂಲಿನಂತೆಯೇ ಇರುತ್ತದೆ, ಮನೆಯವರಿಗೆ ಏನೂ ಗೊತ್ತಾಗಲ್ಲ. ಆದರೆ ತರಗತಿಯ ಕೊನೆಯ ಬೆಂಚಿಗೆ ಕೇಳುವಂತೆ ಧ್ವನಿ ಏರಿಸಲು ಆಗುವುದಿಲ್ಲ, ಸಂಜೆಯಷ್ಟರಲ್ಲಿ ಗಂಟಲು ಸೋತುಹೋಗುತ್ತದೆ. ಹಾಡುವವರಿಗೆ, ಪಾಠ ಮಾಡುವವರಿಗೆ ಇದು ದೊಡ್ಡ ನಷ್ಟ. ಆದ್ದರಿಂದ ನಿಮ್ಮ ತಂಗಿ ತನ್ನ ಕೆಲಸ ಏನು ಅಂತ ಸರ್ಜನ್‌ಗೆ ಬಾಯಿಬಿಟ್ಟು ಹೇಳಲಿ. ಆಪರೇಷನ್‌ಗೆ ಮೊದಲೇ ಸ್ಕೋಪ್ ಹಾಕಿ ಧ್ವನಿತಂತುಗಳು ಸರಿಯಾಗಿ ಆಡುತ್ತಿವೆಯಾ ಅಂತ ನೋಡಿಸಿಕೊಳ್ಳಲಿ.

ಬಾಯಿಯ ದಾರಿಗೇ ಮೀಸಲಾದ ತೊಂದರೆ ಒಂದಿದೆ. ಎಷ್ಟೋ ಸಲ ಅದನ್ನು ರೋಗಿಗೆ ಮೊದಲೇ ಹೇಳುವುದಿಲ್ಲ, ಅದಕ್ಕೇ ಬೇಜಾರು. ಕೆಳದವಡೆಯ ಮೂಳೆಯಲ್ಲಿ, ಕೋರೆಹಲ್ಲಿನ ಸ್ವಲ್ಪ ಹಿಂದೆ, ಒಂದೊಂದು ಸಣ್ಣ ತೂತಿದೆ. ಅಲ್ಲಿಂದ ಹೊರಬರುವ ನರ ಕೆಳತುಟಿಗೂ ಗದ್ದಕ್ಕೂ ಸ್ಪರ್ಶ ಕೊಡುತ್ತದೆ. ಪಕ್ಕದ ಕೊಯ್ತಗಳನ್ನು ಆ ನರಕ್ಕೆ ತಗುಲದಂತೆ ತುಟಿಯ ಅಂಚಿನ ಹತ್ತಿರಕ್ಕೆ ಸರಿಸಿ ಹಾಕುವುದು ಈಗಿನ ಪದ್ಧತಿ. ಆದರೂ ಎಳೆದಾಡುವಾಗ ನರ ಸೆಳೆದುಕೊಳ್ಳುತ್ತದೆ. ನಾನು ನೋಡಿಕೊಂಡ ಒಬ್ಬರು ಮೂರನೇ ದಿನ ಬಂದು, ಹಲ್ಲು ಕೀಳಿಸಲು ಇಂಜೆಕ್ಷನ್ ಕೊಟ್ಟ ಹಾಗೇ ಇದೆ ಡಾಕ್ಟ್ರೇ, ನೀರು ಕುಡಿದರೆ ಗದ್ದದ ಮೇಲೆ ಇಳಿಯುವುದೇ ಗೊತ್ತಾಗಲ್ಲ, ಮಗಳು ಒರೆಸುತ್ತಾಳೆ ಅಂದರು. ಎರಡು ತಿಂಗಳು ಹಾಗಿತ್ತು. ಮೊದಲು ನಡುಗದ್ದ ಸರಿಹೋಯಿತು, ಆಮೇಲೆ ತುಟಿಯ ಮೂಲೆ. ಬಹುಪಾಲು ಜನರಲ್ಲಿ ಹೀಗೇ ವಾರಗಳಲ್ಲಿ, ತಿಂಗಳುಗಳಲ್ಲಿ ವಾಸಿಯಾಗುತ್ತದೆ. ಕೆಲವೇ ಜನರಲ್ಲಿ ಸ್ವಲ್ಪ ಮರಗಟ್ಟಿದ ಹಾಗೆ ಉಳಿದುಬಿಡುತ್ತದೆ. ಕುತ್ತಿಗೆಯ ಆಪರೇಷನ್‌ನಲ್ಲಿ ಇದು ಇಲ್ಲವೇ ಇಲ್ಲ. ಗದ್ದದ ಕೆಳಗೆ ನೀಲಿಗಟ್ಟುವುದು, ಚರ್ಮ ಕೆಲವು ದಿನ ಬಿಗಿಯಾಗಿ ಎಳೆದಂತೆ ಅನ್ನಿಸುವುದು ಸಾಮಾನ್ಯ. ಚರ್ಮಕ್ಕೆ ಒಳಗಿನಿಂದ ಬಿಸಿ ತಗುಲಿ ಗಾಯವಾಗುವುದು ಅಪರೂಪ.

ಕ್ರಿಮಿಯ ಭಯ ಸಹಜವೇ. ಬಾಯಿ ಎಷ್ಟು ತೊಳೆದರೂ ಚರ್ಮದಷ್ಟು ಸ್ವಚ್ಛ ಆಗುವುದಿಲ್ಲ. ಆದರೂ ನಡೆದ ಆಪರೇಷನ್‌ಗಳಲ್ಲಿ ಕೀವಾಗಿದ್ದು ಬಹಳ ಕಡಿಮೆ. ಬಾಯಿಯ ಒಳಪದರಕ್ಕೆ ರಕ್ತ ಸಂಚಾರ ಜಾಸ್ತಿ, ಬೇಗ ಆರುತ್ತದೆ. ಜೊತೆಗೆ ಆ್ಯಂಟಿಬಯೋಟಿಕ್ ಕೊಡುತ್ತಾರೆ. ಹುಳುಕು ಹಲ್ಲು, ಒಸಡಿನಲ್ಲಿ ಕೀವು ಇದ್ದರೆ ಮೊದಲು ದಂತವೈದ್ಯರ ಹತ್ತಿರ ಹೋಗಿ ಸರಿಮಾಡಿಸಿಕೊಂಡೇ ಬರಬೇಕು.

ಎಲ್ಲರಿಗೂ ಈ ದಾರಿ ಹೊಂದುವುದಿಲ್ಲ. ಮೊದಲೇ ಕುತ್ತಿಗೆ ಆಪರೇಷನ್ ಆದವರಿಗೆ, ಕುತ್ತಿಗೆಗೆ ರೇಡಿಯೇಷನ್ ಆದವರಿಗೆ, ಗ್ರಂಥಿ ಎದೆಮೂಳೆಯ ಹಿಂದಕ್ಕೆ ಇಳಿದವರಿಗೆ, ಕ್ಯಾನ್ಸರ್ ಗ್ರಂಥಿಯಿಂದ ಹೊರಗೆ ಅಥವಾ ಕುತ್ತಿಗೆಯ ಪಕ್ಕದ ದುಗ್ಧ ಗ್ರಂಥಿಗಳಿಗೆ ಹರಡಿದವರಿಗೆ ಬೇಡ. ಬಹಳ ದೊಡ್ಡ ಗಳಗಂಡಕ್ಕೂ ಬೇಡ. ಎಷ್ಟು ಸೆಂ.ಮೀ. ತನಕ ಅಂತ ಒಬ್ಬೊಬ್ಬರು ಒಂದೊಂದು ಗೆರೆ ಹಾಕಿಕೊಂಡಿದ್ದಾರೆ. ನಿಮ್ಮ ತಂಗಿಯ 3.2 ಸೆಂ.ಮೀ. ಆ ಗೆರೆಗಳ ಒಳಗೇ ಬರುತ್ತದೆ.

ಆದರೆ ಅವರ ಬೆಥೆಸ್ಡಾ 4 ಕಾರಣಕ್ಕೆ ನಾನು ಒತ್ತಿ ಹೇಳಬೇಕಾದ ಒಂದು ವಿಷಯ ಇದೆ. ತೆಗೆದ ಗ್ರಂಥಿಯನ್ನು ಒಂದು ಚೀಲದೊಳಗೆ ಹಾಕಿ ನಡುವಿನ ಕೊಯ್ತದಿಂದ ಬಾಯಿಗೆ ಎಳೆದು ತೆಗೆಯುತ್ತಾರೆ. ದಾರಿ ಕಿರಿದು. ಗಂಟು ದೊಡ್ಡದಾದರೆ ಚೀಲದೊಳಗೇ ಹರಿಯುತ್ತದೆ, ಕೆಲವೊಮ್ಮೆ ಬೇಕೆಂದೇ ತುಂಡು ಮಾಡಿ ತೆಗೆಯುತ್ತಾರೆ. ಕ್ಯಾನ್ಸರ್ ಅಲ್ಲ ಅಂತ ಖಾತ್ರಿಯಾದ ಗಂಟಿಗೆ ಪರವಾಗಿಲ್ಲ. ಇವರ ಗಂಟು ಕ್ಯಾನ್ಸರ್ ಹೌದೋ ಅಲ್ಲವೋ ಅಂತ ತೀರ್ಮಾನ ಆಗುವುದೇ ಸುತ್ತಲಿನ ಪೊರೆ ನೋಡಿ. ಆ ಪೊರೆ ಹರಿದು ಚೂರಾಗಿ ಲ್ಯಾಬಿಗೆ ಹೋದರೆ ನೋಡುವವರಾದರೂ ಏನು ಹೇಳಬೇಕು? ಆಪರೇಷನ್ ಮಾಡಿಸಿದ ಉದ್ದೇಶವೇ ಕೈತಪ್ಪುತ್ತದೆ. ಹಾಗಾಗಿ, ಗಂಟನ್ನು ಇಡಿಯಾಗಿ ಹೊರಗೆ ತರಲು ಆಗುತ್ತಾ ಅಂತ ಸರ್ಜನ್‌ಗೆ ನೇರವಾಗಿ ಕೇಳಿ. ಕೆಲವರು ಇದಕ್ಕಾಗಿಯೇ ಕಂಕುಳಲ್ಲಿ ಇನ್ನೊಂದು ಸಣ್ಣ ಕೊಯ್ತ ಮಾಡಿ ಅಲ್ಲಿಂದ ಹೊರಗೆ ತೆಗೆಯುತ್ತಾರೆ. ಇಡಿಯಾಗಿ ತೆಗೆಯುವುದು ಕಷ್ಟ ಅಂದರೆ, ನನ್ನ ತಂಗಿಯಾಗಿದ್ದರೆ ಕುತ್ತಿಗೆಯ ದಾರಿಯೇ ಹಿಡಿ ಅನ್ನುತ್ತಿದ್ದೆ.

ಜೊತೆಗೆ ಇದನ್ನೂ ಕೇಳಿ. ಬಾಯಿಯಿಂದ ನೀವೇ ಎಷ್ಟು ಮಾಡಿದ್ದೀರಿ, ಎಷ್ಟರಲ್ಲಿ ಕುತ್ತಿಗೆ ತೆರೆಯಬೇಕಾಯಿತು, ಎಷ್ಟು ಜನರಿಗೆ ಧ್ವನಿಯ ತೊಂದರೆ ಉಳಿಯಿತು? ಸಂಕೋಚ ಬೇಡ. ಲೆಕ್ಕ ಇಟ್ಟುಕೊಂಡ ಸರ್ಜನ್‌ಗೆ ಇದರಿಂದ ಬೇಜಾರಾಗುವುದಿಲ್ಲ. ಹೊಸದಾಗಿ ಕಲಿಯುತ್ತಿರುವವರಾದರೆ ಪಕ್ಕದಲ್ಲಿ ನುರಿತವರು ನಿಲ್ಲುತ್ತಾರಾ ಅಂತ ಕೇಳಿ. ನಡುವೆ ರಕ್ತಸ್ರಾವವಾದರೆ, ನರ ಸ್ಪಷ್ಟವಾಗಿ ಕಾಣದಿದ್ದರೆ ಕುತ್ತಿಗೆ ತೆರೆಯಲು ಒಪ್ಪಿಗೆ ಮೊದಲೇ ಬರೆಸಿಕೊಳ್ಳುತ್ತಾರೆ. ತಂಗಿ ಅದಕ್ಕೆ ಮನಸ್ಸು ಗಟ್ಟಿಮಾಡಿಕೊಂಡು ಸಹಿ ಹಾಕಲಿ. ಎದ್ದಾಗ ಕುತ್ತಿಗೆಯಲ್ಲಿ ಹೊಲಿಗೆ ಇದ್ದರೆ ಆಪರೇಷನ್ ಕೆಟ್ಟಿತು ಅಂತ ಅಲ್ಲ, ಸರ್ಜನ್ ಸರಿಯಾದ ಹೊತ್ತಿಗೆ ಸರಿಯಾದ ನಿರ್ಧಾರ ತೆಗೆದುಕೊಂಡರು ಅಂತ.

ಆಪರೇಷನ್ ಆದ ಮೊದಲ 24 ಗಂಟೆ ಕುತ್ತಿಗೆಯ ಮೇಲೆ ಕಣ್ಣಿಡಬೇಕು. ಕುತ್ತಿಗೆ ಏಕಾಏಕಿ ಉಬ್ಬಿದರೆ, ಬಿಗಿಯಾದರೆ, ಉಸಿರು ಕಟ್ಟಿದಂತಾದರೆ ಒಂದು ನಿಮಿಷವೂ ಕಾಯದೆ ನರ್ಸ್‌ನ ಕರೆಯಿರಿ. ಒಳಗೆ ರಕ್ತ ಕಟ್ಟಿಕೊಂಡು ಉಸಿರಿಗೆ ಅಡ್ಡಿಯಾಗುತ್ತಿರಬಹುದು. ಪೂರ್ತಿ ಗ್ರಂಥಿ ತೆಗೆದವರಲ್ಲಿ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಅಂದರೆ ಕ್ಯಾಲ್ಸಿಯಂ ಇಳಿದಿದೆ ಅಂತ. ಪಕ್ಕದಲ್ಲಿರುವ ಪ್ಯಾರಾಥೈರಾಯ್ಡ್‌ಗಳು ಆಘಾತಗೊಂಡಾಗ ಹಾಗಾಗುತ್ತದೆ. ಒಂದೇ ಬದಿ ತೆಗೆದರೆ ಇದರ ಭಯ ಬಹಳ ಕಡಿಮೆ.

ಮನೆಗೆ ಬಂದ ಮೇಲೆ ಒಂದು ವಾರ ಮೆತ್ತಗಿನ ಊಟ, ಜಾಸ್ತಿ ಬಿಸಿಯಲ್ಲದ್ದು. ತಿಂದಾಗಲೆಲ್ಲ ಬಾಯಿ ಮುಕ್ಕಳಿಸಬೇಕು. ಹಲ್ಲುಜ್ಜಬಹುದು, ಕೆಳತುಟಿಯನ್ನು ಬೆರಳಿಂದ ಹೊರಗೆ ಎಳೆದು ಹೊಲಿಗೆ ನೋಡುತ್ತಾ ಕೂರಬಾರದು, ಅದು ತಾನೇ ಕರಗುವ ದಾರ. ಗದ್ದದ ಕೆಳಗೆ ಕಟ್ಟಿದ ಪಟ್ಟಿಯನ್ನು ಹೇಳಿದಷ್ಟು ದಿನ ಬಿಚ್ಚಬಾರದು. ಕ್ಲಾಸಿಗೆ ಹೋಗುವುದನ್ನು ಎರಡು ವಾರದ ಮೇಲೆ, ಸರ್ಜನ್‌ನ ಕೇಳಿಕೊಂಡು ಶುರುಮಾಡಲಿ. ಮೊದಲು ದಿನಕ್ಕೆ ಒಂದೆರಡು ಪೀರಿಯಡ್, ಸಾಧ್ಯವಾದರೆ ಮೈಕ್ ಹಿಡಿದು. ಮೊದಲ ಕೆಲವು ದಿನ ಕೊಳವೆ ಹಾಕಿದ್ದಕ್ಕೇ ಗಂಟಲು ಗೊರಗೊರ ಅನ್ನುತ್ತದೆ, ಅದಕ್ಕೆ ಹೆದರಬೇಡಿ. ಆದರೆ ಎರಡು ವಾರ ಕಳೆದರೂ ಧ್ವನಿ ಒಡಕಾಗೇ ಇದ್ದರೆ, ಅಥವಾ ನೀರು ಕುಡಿಯುವಾಗ ಪದೇಪದೇ ಕೆಮ್ಮು ಬರುತ್ತಿದ್ದರೆ, ತಾನಾಗೇ ಸರಿಹೋಗುತ್ತೆ ಅಂತ ಕಾಯಬೇಡಿ. ಸ್ಕೋಪ್ ಹಾಕಿಸಿ ಧ್ವನಿತಂತು ನೋಡಿಸಿ. ಬೇಗ ಶುರುಮಾಡಿದರೆ ಧ್ವನಿ ವ್ಯಾಯಾಮದಿಂದ ಬಹಳಷ್ಟು ಜನ ತಮ್ಮ ತರಗತಿಗೆ ವಾಪಸ್ ಹೋಗಿದ್ದಾರೆ.